ರಿಪೇರಿಗೆ ಹೋದ ಮಾವ

ನಮ್ಮ ವಿಲಾ ಊರಿನಲ್ಲಿ ಸರ್ಕಾರಿ ಕುರ್ಚಿಗೆ ಯಜಮಾನರಿದ್ದಾರೆ, ದೇಶವಿದೆ, ನಂಬರಿದೆ. ಆ ಕುರ್ಚಿಯ ದೂಳು ಒರೆಸುವ ಕರಿಯನಿಗೆ ಮೂರೂ ಇಲ್ಲ. ಸಿಟ್ಟಿಗೆ ಹೇಳುತ್ತಿಲ್ಲ, ಕಾನೂನಿನಲ್ಲಿ ಹಾಗೇ ಬರೆದಿದೆ. ನ್ಯೂ ಹೆಬ್ರಿಡೀಸಿನ ಎಂಬತ್ತು ದ್ವೀಪಗಳನ್ನು ಇಂಗ್ಲಿಷರೂ ಫ್ರೆಂಚರೂ ಒಟ್ಟಿಗೆ ಆಳುತ್ತಾರೆ. ಅರ್ಧ ಅವರಿಗೆ, ಅರ್ಧ ಇವರಿಗೆ ಅಂತಲ್ಲ. ಪೂರ್ತಿ ಅವರಿಗೆ, ಪೂರ್ತಿ ಇವರಿಗೆ. ಎರಡು ಪೊಲೀಸು, ಎರಡು ಜೈಲು, ಎರಡು ಶಾಲೆ. ಒಂದು ಶಾಲೆಯಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಹೇಳಿದರೆ ಬೆತ್ತದ ಏಟು. ನಾನು ಎರಡನ್ನೂ ಬಿಟ್ಟು ಬಂದರಿನಲ್ಲಿ ಮೂಟೆ ಹೊರಲು ಸೇರಿದೆ. ಮೂಟೆಗೆ ಯಾವ ಭಾಷೆಯಾದರೂ ಅಷ್ಟೇ ಭಾರ.

ಇಲ್ಲಿ ಹುಟ್ಟಿದವನು ಇಂಗ್ಲಿಷರ ಪ್ರಜೆ ಅಲ್ಲ, ಫ್ರೆಂಚರ ಪ್ರಜೆಯೂ ಅಲ್ಲ, ಇಲ್ಲಿದ್ದುಕೊಂಡು ಆಗುವ ಹಾಗೂ ಇಲ್ಲ. ನಮ್ಮ ಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಲಿಯಾಂಗ್ ಚೀನಾದಿಂದ ಬಂದು ಇಳಿದಾಗ ಅವನಿಗೆ ಒಂದು ತಿಂಗಳ ಗಡುವು ಕೊಟ್ಟರು. ಯಾರ ಕಾನೂನಿನ ಕೆಳಗೆ ಇರುತ್ತೀಯೋ ಆರಿಸಿಕೋ ಅಂದರು. ಅವನು ಫ್ರೆಂಚರನ್ನು ಆರಿಸಿದ. ಯಾಕೆಂದರೆ ಆವತ್ತು ಮಳೆ ಬರುತ್ತಿತ್ತು, ಇಂಗ್ಲಿಷರ ಕಚೇರಿಗೆ ದೋಣಿ ಹತ್ತಬೇಕಿತ್ತು. ನಮ್ಮಜ್ಜನ ಅಜ್ಜನ ಹೊಕ್ಕುಳಬಳ್ಳಿ ಇದೇ ಮಣ್ಣಿನಲ್ಲಿ ಹೂತಿದೆ. ಅದಕ್ಕೇ ನಮಗೆ ಆರಿಸುವ ಹಕ್ಕಿಲ್ಲ.

ನನ್ನ ಸೋದರಮಾವ ಮೋಲಿಸಾಲೆ ಈ ಎರಡು ಸರ್ಕಾರಗಳ ಜಂಟಿ ಉಗ್ರಾಣದಲ್ಲಿ ಇಪ್ಪತ್ತೇಳು ವರ್ಷದಿಂದ ಉಗ್ರಾಣಿ. ಅವನ ಕೆಲಸ ಎಂದರೆ ಬಂದ ಸಾಮಾನಿಗೆಲ್ಲ ಹಳದಿ ಬಣ್ಣದಲ್ಲಿ ನಂಬರು ಬರೆಯುವುದು. ಮೇಜು, ಬಕೆಟ್ಟು, ಟೈಪ್‌ರೈಟರು, ಗವರ್ನರ ಮನೆಯ ಕಮೋಡು, ಯಾವುದನ್ನೂ ಬಿಡುವ ಹಾಗಿಲ್ಲ. ಬರೆದ ಮೇಲೆ ಅದನ್ನು ಇಂಗ್ಲಿಷ್ ರಿಜಿಸ್ಟರಿಗೆ ಒಂದು ಸಲ, ಫ್ರೆಂಚ್ ರಿಜಿಸ್ಟರಿಗೆ ಒಂದು ಸಲ ಏರಿಸಬೇಕು. ಮಾವನ ಉಗುರ ಸಂದಿನ ಹಳದಿ ಹೋದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಒಂದು ಮೊಳೆ ಕಡಿಮೆ ಬಿದ್ದರೂ ಊಟ ಬಿಟ್ಟು ಹುಡುಕುತ್ತಿದ್ದ.

ಹೋದ ವರ್ಷ ಜೂನ್‌ನಲ್ಲಿ ಮಿರಿಯಮ್ ಅತ್ತೆ, ಅಂದರೆ ಮಾವನ ಹೆಂಡತಿ, ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಕಡುಬು ಲಾಪ್‌ಲಾಪ್‌ಗೆ ಗೆಣಸು ತುರಿಯುತ್ತಾ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ಹೊಟ್ಟೆಯೊಳಗೆ ಗಡ್ಡೆ. ಆವತ್ತೇ ಒಬ್ಬ ಫ್ರೆಂಚ್ ತೋಟದ ಧಣಿಯನ್ನು ಕಡಲಾಚೆಯ ಫ್ರೆಂಚರ ಊರು ನೂಮಿಯಾದ ಆಸ್ಪತ್ರೆಗೆ ಒಯ್ಯುವ ವಿಮಾನ ನಿಂತಿತ್ತು. ಡಾಕ್ಟರು ಒಳ್ಳೆಯವನು, ಖಾಲಿ ಜಾಗದಲ್ಲಿ ಅತ್ತೆಯನ್ನೂ ಹಾಕಿ ಕಳಿಸಿದ. ಯಾರೂ ಕಾಗದ ಕೇಳಲಿಲ್ಲ. ಸ್ಟ್ರೆಚರಿನ ಮೇಲೆ ಅಡ್ಡ ಮಲಗಿದರೆ ದೇಶ ಬೇಕಿಲ್ಲ, ಎದ್ದು ನಿಂತರೆ ಮಾತ್ರ ಬೇಕು.

ಜುಲೈ ಕೊನೆಯ ಹಡಗಿನಲ್ಲಿ ಅತ್ತೆಯ ಕಾಗದ ಬಂತು. ಅಲ್ಲಿ ಗಣಿಯಲ್ಲಿ ಕೆಲಸ ಮಾಡುವ ನಮ್ಮ ದ್ವೀಪದವನೊಬ್ಬನ ಕೈಲಿ ಬರೆಸಿದ್ದಳು. 'ಸೆಪ್ಟೆಂಬರ್ ಮುಗಿಯೋದರೊಳಗೆ ಗಡ್ಡೆ ತೆಗೀಬೇಕಂತೆ, ಆಮೇಲೆ ತೆಗೆದೂ ಉಪಯೋಗ ಇಲ್ಲವಂತೆ. ಇಲ್ಲಿ ಯಾರ ಮಾತೂ ನಂಗೆ ತಿಳಿಯಲ್ಲ. ನೀನು ಬಂದು ಪಕ್ಕದಲ್ಲಿ ಕೂರೋವರೆಗೂ ನಾನು ಆ ಮೇಜಿನ ಮೇಲೆ ಮಲಗಲ್ಲ. ಹೇಳಿಬಿಟ್ಟಿದೀನಿ.'

ಅತ್ತೆ ಹೇಳಿಬಿಟ್ಟಳು ಎಂದರೆ ಮುಗಿಯಿತು. ಮದುವೆಗೆ ಮುಂಚೆ ಒಂದು ಸಲ ಮಾವನ ಕಡೆಯವರು ತಂದ ಚಾಪೆ ಚೆನ್ನಾಗಿಲ್ಲ ಅಂತ ಮೂರು ವರ್ಷ ಕಾಯಿಸಿದವಳು ಅವಳು.

ನೂಮಿಯಾಕ್ಕೆ ತಿಂಗಳಿಗೊಂದು ಹಡಗು. ಸೆಪ್ಟೆಂಬರ್ ಮುಗಿಯುವುದರೊಳಗೆ ಇನ್ನು ಎರಡೇ ಇದ್ದವು.

ನಮ್ಮವನು ಕಡಲು ದಾಟಬೇಕಾದರೆ ಒಂದು ಬೂದು ಬಣ್ಣದ ಹಾಳೆ ಬೇಕು. ಅದರಲ್ಲಿ ಹೀಗೆ ಅಚ್ಚು ಹಾಕಿದೆ: ಈ ಹಾಳೆ ಹಿಡಿದವನು ಯಾವ ದೇಶದ ಪ್ರಜೆಯೂ ಅಲ್ಲವೆಂದು ಎರಡು ಸರ್ಕಾರಗಳೂ ಒಪ್ಪಿವೆ. ಕೆಳಗೆ ಎರಡು ಸಹಿ. ಬೇರೆ ಯಾವುದರಲ್ಲೂ ಒಪ್ಪದ ಇಬ್ಬರು ಇದೊಂದರಲ್ಲಿ ಒಪ್ಪುತ್ತಾರೆ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲು ಇಂಗ್ಲಿಷರ ಕಚೇರಿಗೆ ಹೊರಟ. ದೋಣಿಯಲ್ಲಿ ನಾನೂ ಜೊತೆಗೆ ಹೋದೆ.

ನೌಕರರ ವಿಭಾಗದ ಹ್ಯಾಲೋಸ್ ದೊರೆ ಮೊಣಕಾಲುದ್ದ ಬಿಳಿ ಕಾಲುಚೀಲದವನು. ರಿಜಿಸ್ಟರನ್ನು ಮೂರು ಸಲ ಮಗುಚಿ ಹಾಕಿದ.

"ಮೋಲಿಸಾಲೆ ಅನ್ನೋರು ಯಾರೂ ನಮ್ಮಲ್ಲಿಲ್ಲವಲ್ಲ."

"ನಾನೇ ದೊರೆ. ಉಗ್ರಾಣಿ."

"ಉಗ್ರಾಣಿ ತಾರಿಬೊಯೆ. ನಲವತ್ತಾರನೇ ಇಸವಿ ಮಾರ್ಚ್‌ನಲ್ಲಿ ಸೇರಿದಾನೆ. ನಡತೆ ಬಹಳ ಒಳ್ಳೇದು ಅಂತ ಬರೆದಿದೆ. ತಾರಿಬೊಯೆ ಎಲ್ಲಿ?"

ಮಾವ ತಲೆ ತಗ್ಗಿಸಿದ. ನಮ್ಮಲ್ಲಿ ಗಂಡಸು ಕೋರೆಹಲ್ಲಿನ ಹಂದಿಗಳನ್ನು ಸಾಕಿ, ಊರ ಮುಂದೆ ಕೊಂದು, ಅಂತಸ್ತಿನ ಒಂದೊಂದೇ ಮೆಟ್ಟಿಲು ಏರುತ್ತಾನೆ. ಏರಿದವನಿಗೆ ಹೊಸ ಹೆಸರು. ಹಳೆಯದು ಅಲ್ಲಿಗೆ ಮುಗಿಯಿತು. ಅದನ್ನು ಅವನ ಮುಖಕ್ಕೆ ಹೇಳುವುದು ಎಂದರೆ ಪಂಚೆ ಎಳೆದ ಹಾಗೆ. ಮಾವ ಐವತ್ತೇಳರಲ್ಲಿ ರಜೆ ಹಾಕಿ ನಮ್ಮ ದ್ವೀಪಕ್ಕೆ ಹೋಗಿ ಹತ್ತು ಹಂದಿ ಕೊಂದು ಮೋಲಿಸಾಲೆ ಆಗಿ ಬಂದವನು. ಅವನ ಎದುರು ಆ ಹಳೆಯ ಹೆಸರು ಬಿದ್ದದ್ದನ್ನು ನಾನು ಹುಟ್ಟಿ ಮೊದಲ ಸಲ ಕೇಳಿದೆ. ನನ್ನ ಕಿವಿ ಬಿಸಿಯಾಯಿತು.

"ಅವನು ಈಗ ಇಲ್ಲ ದೊರೆ," ಅಂದ ಮಾವ.

"ಅಯ್ಯೋ ಪಾಪ. ಸತ್ತನಾ?"

"ಇಲ್ಲ ದೊರೆ. ಸತ್ತಿದ್ದು ಹಂದಿ."

ಹ್ಯಾಲೋಸ್ ದೊರೆ ಪೆನ್ನು ಕೆಳಗಿಟ್ಟ. ಮಾವ ಸಮಾಧಾನವಾಗಿ ಬಿಡಿಸಿ ಹೇಳಿದ. ಹಂದಿ, ಮೆಟ್ಟಿಲು, ಹೆಸರು, ಎಲ್ಲ. ದೊರೆ ಕೇಳಿಸಿಕೊಂಡ, ತಲೆಯನ್ನೂ ಆಡಿಸಿದ. ಕೊನೆಗೆ, "ಬಹಳ ಸ್ವಾರಸ್ಯವಾಗಿದೆ. ಆದರೆ ನಾನು ಸಹಿ ಹಾಕೋದಿದ್ರೆ ತಾರಿಬೊಯೆಗೆ ಮಾತ್ರ," ಅಂತ ಆ ಹೆಸರಿನ ಬೂದು ಹಾಳೆಗೆ ಸಹಿ ಮಾಡಿ ಕೊಟ್ಟ.

ಅದನ್ನು ಹಿಡಿದು ಗುಡ್ಡದ ಮೇಲಿನ ಫ್ರೆಂಚರ ಕಚೇರಿಗೆ ಹೋದೆವು. ಅಲ್ಲಿನ ಹಳೆಯ ರಿಜಿಸ್ಟರು ಐವತ್ತೊಂಬತ್ತರ ಬಿರುಗಾಳಿಯಲ್ಲಿ ನೆನೆದು ಮುದ್ದೆಯಾಗಿ, ಎಲ್ಲರನ್ನೂ ಕರೆದು ಹೊಸದಾಗಿ ಬರೆದುಕೊಂಡಿದ್ದರು. ಆಗ ಹೆಸರು ಕೇಳಿದಾಗ ಮಾವ ತನ್ನ ಹತ್ತಿರ ಇದ್ದ ಒಂದೇ ಹೆಸರು ಹೇಳಿದ್ದ. ಹೀಗಾಗಿ ಅಲ್ಲಿನ ದೊರೆ, ಅವರ ಮಾತಿನಲ್ಲಿ ಮುಸ್ಯೆ, ಕಾರ್ಬೊನೆಲ್ ಹತ್ತಿರ ಇದ್ದದ್ದು ಮೋಲಿಸಾಲೆ.

"ತಾರಿಬೊಯೆ? ಯಾರಿದು? ಇಂಗ್ಲಿಷರ ಗೂಢಚಾರನಾ?"

"ಅಲ್ಲ ಮುಸ್ಯೆ, ನಾನೇ."

"ನೀನು ಮೋಲಿಸಾಲೆ. ಹದಿನಾಲ್ಕು ವರ್ಷದ ನೌಕರ. ನಿನಗೆ ಬೇಕಾದರೆ ಈಗಲೇ ಸಹಿ ಹಾಕ್ತೀನಿ. ಆ ಇನ್ನೊಬ್ಬನಿಗೆ ಹಾಕಲ್ಲ. ಇಂಗ್ಲಿಷರು ನಮಗೆ ಗೊತ್ತಿಲ್ಲದ ಹಾಗೆ ಉಗ್ರಾಣದಲ್ಲಿ ಎರಡನೇ ಮನುಷ್ಯನನ್ನ ಇಟ್ಟಿದಾರೆ ಅಂತಾಯ್ತು."

ಅಂತೂ ಎರಡು ಹಾಳೆ ಸಿಕ್ಕಿದವು, ಎರಡಕ್ಕೂ ಒಂದೊಂದೇ ಸಹಿ. ಹಡಗಿನ ಕಪ್ತಾನನಿಗೆ ಬೇಕಾದದ್ದು ಒಂದು ಹಾಳೆ, ಎರಡು ಸಹಿ. ಕಪ್ತಾನ ವಾಲಿಸ್ ದ್ವೀಪದ ಸೋಸೆಫೊ, ಎತ್ತಿನಂಥ ಆಳು, ಮನಸ್ಸು ಮೆತ್ತಗೆ. "ಅಣ್ಣಾ, ಎರಡು ಅರ್ಧ ಮನುಷ್ಯರನ್ನ ಹತ್ತಿಸಿದ್ರೆ ಅಲ್ಲಿ ನನ್ನ ಹಡಗನ್ನೇ ಹಿಡಿದು ಹಾಕ್ತಾರೆ," ಅಂದ. ಆಗಸ್ಟ್ ಹಡಗು ಹೋಯಿತು. ಮಾವ ಬಂದರಿನಲ್ಲಿ ಕೈಯಲ್ಲಿ ಗಂಟು ಹಿಡಿದು ಹೊಗೆ ಮರೆಯಾಗುವವರೆಗೂ ನಿಂತಿದ್ದ. ಗಂಟಿನಲ್ಲಿ ಅತ್ತೆಗೆಂದು ಕಟ್ಟಿಸಿದ್ದ ಲಾಪ್‌ಲಾಪ್ ಇತ್ತು. ಅದನ್ನು ಆಮೇಲೆ ನಾವೇ ತಿಂದೆವು.

ವಿಷಯ ಜಂಟಿ ಸಭೆಗೆ ಹೋಯಿತು. ಅಲ್ಲಿ ಚಹಾ ಕೊಡುವವಳು ನಮ್ಮ ದೊಡ್ಡಮ್ಮನ ಮಗಳು, ಒಂದಕ್ಷರ ಬಿಡದೆ ಬಂದು ಹೇಳಿದಳು. ಇಬ್ಬರೂ ದೊರೆಗಳು ಒಂದು ವಿಷಯಕ್ಕೆ ಬೇಗ ಒಪ್ಪಿದರಂತೆ: ಇರುವ ಉಗ್ರಾಣಿ ಒಬ್ಬನೇ, ಆದ್ದರಿಂದ ಇಬ್ಬರಲ್ಲಿ ಒಬ್ಬ ಸತ್ತಿದ್ದಾನೆ ಎಂದು ಬರೆದುಬಿಡುವುದು. ಯಾರು ಸಾಯಬೇಕು ಎನ್ನುವಲ್ಲಿ ಜಗಳ.

"ನಿಮ್ಮವನು ಹಳಬ. ಅವನು ಸಾಯೋದು ನ್ಯಾಯ," ಅಂದನಂತೆ ಕಾರ್ಬೊನೆಲ್.

"ನಮ್ಮವನ ನಡತೆ ಬಹಳ ಒಳ್ಳೇದು ಅಂತಿದೆ. ನಿಮ್ಮವನದು ಬರೀ ಒಳ್ಳೇದು. ನಿಮ್ಮವನೇ ಸಾಯಲಿ," ಅಂದನಂತೆ ಹ್ಯಾಲೋಸ್.

ಗಂಟೆ ಹೊಡೆಯಿತು, ಎದ್ದರು. ಮುಂದಿನ ಸಭೆ ಜನವರಿಯಲ್ಲಿ. ನಡುವೆ ದೊರೆಗಳು ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ದೇಶಕ್ಕೆ ರಜೆಯ ಮೇಲೆ ಹೋಗಬೇಕಿತ್ತು. ಅವರಿಗೆ ದೇಶವಿತ್ತು, ಹೋಗುತ್ತಿದ್ದರು.

ಆ ಸಂಜೆ ಮತ್ತಿನ ಬೇರಿನ ರಸ ಕಾವಾ ಕುಡಿಯಲು ಸೇರುವ ಮರದಡಿ ಕೂತು ನಾನು ಕೂಗಾಡಿದೆ. "ಮಾವ, ಎರಡೂ ಕಚೇರಿಗೆ ಬೆಂಕಿ ಇಟ್ಟುಬಿಡ್ತೀನಿ."

"ಮೆಲ್ಲಗೆ ಮಾತಾಡೋ ಅಳಿಯ. ಕಾವಾ ಕುಡಿಯೋವಾಗ ಕೂಗಬಾರದು."

"ಅತ್ತೆ ಅಲ್ಲಿ ಸಾಯ್ತಾ ಇದಾಳೆ, ನೀನು ಇಲ್ಲಿ ಮೆಲ್ಲಗೆ ಅಂತೀಯ! ಇಡ್ತೀನಿ ಅಂದ್ರೆ ಇಡ್ತೀನಿ."

"ಬೆಂಕಿ ಆರಿಸೋ ಬಕೆಟ್ಟು ಇರೋದು ನನ್ನ ಉಗ್ರಾಣದಲ್ಲಿ. ನಂಬರು ಮುನ್ನೂರ ಹನ್ನೆರಡರಿಂದ ಮುನ್ನೂರ ಇಪ್ಪತ್ತು. ಆಚೆಗೆ ಕೊಡೋಕೆ ಎರಡು ಸಹಿ ಬೇಕು. ಪೂರ್ತಿ ಉರಿದುಹೋಗುತ್ತೆ," ಅಂದ ಮಾವ. ತಮಾಷೆಗೆ ಅಂದನೋ, ನಿಜವಾಗಿ ಯೋಚನೆ ಮಾಡಿ ಅಂದನೋ ತಿಳಿಯಲಿಲ್ಲ.

ಸೆಪ್ಟೆಂಬರ್ ಹಡಗಿಗೆ ಇನ್ನು ಒಂಬತ್ತು ದಿನ ಇರುವಾಗ ಹಲ್ಲಿನ ಡಾಕ್ಟರ ಕುರ್ಚಿ ಮತ್ತೆ ಕೆಟ್ಟಿತು. ಇಡೀ ವಿಲಾಕ್ಕೆ ಇದ್ದದ್ದು ಅದೊಂದೇ ಕುರ್ಚಿ, ನಂಬರು 2206. ಕಾಲಲ್ಲಿ ಒತ್ತಿದರೆ ಮೇಲೇರಬೇಕು, ಇದು ರೋಗಿಯ ಬಾಯಿ ತೆರೆಸಿ ಅರ್ಧ ಕೆಲಸವಾಗುವಾಗ ಧಡ್ಡನೆ ಕೆಳಗಿಳಿಯುತ್ತಿತ್ತು. ಅದನ್ನು ರಿಪೇರಿಗೆ ನೂಮಿಯಾಕ್ಕೇ ಕಳಿಸಬೇಕು. ಅದು ಹೋಗಿ ಬರುವುದು ಇದು ನಾಲ್ಕನೇ ಸಲ. ನಾನು ಅದನ್ನು ಹೊತ್ತುಕೊಂಡು ಹೋಗಲು ಉಗ್ರಾಣಕ್ಕೆ ಬಂದಾಗ ಮಾವ ಗುಲಾಬಿ ಬಣ್ಣದ ಚೀಟಿ ಬರೆದು, ಸಹಿ ಹಾಕಿ, ಕುರ್ಚಿಯ ಕೈಗೆ ಕಟ್ಟುತ್ತಿದ್ದ.

"ಇದಕ್ಕೆ ದೊರೆಗಳ ಸಹಿ ಬೇಡವಾ?" ಅಂದೆ.

"ರಿಪೇರಿ ಚೀಟಿಗೆ ಬೇಡ. ಯಾರು ಮೇಲೆ ಸಹಿ ಹಾಕಬೇಕು, ಯಾರು ಕೆಳಗೆ ಅಂತ ಹನ್ನೊಂದು ವರ್ಷ ಜಗಳ ಆಯ್ತು. ಕೊನೆಗೆ ಇಬ್ಬರೂ ಬೇಡ, ಉಗ್ರಾಣಿ ಹಾಕಲಿ ಅಂತ ಬಿಟ್ಟರು."

"ಥೂ! ಈ ಮುರುಕಲು ಕುರ್ಚಿ ನಾಲ್ಕನೇ ಸಲ ಕಡಲು ದಾಟ್ತಿದೆ. ಇದಕ್ಕೆ ಅಪ್ಪನಿಲ್ಲ ಅಮ್ಮನಿಲ್ಲ. ಇಪ್ಪತ್ತೇಳು ವರ್ಷ ಇವರ ಚಾಕರಿ ಮಾಡಿದ ನೀನು ಬಂದರಿನ ಆಚೆ ಕಾಲಿಡೋ ಹಾಗಿಲ್ಲ. ಕುರ್ಚಿಯಾಗಿ ಹುಟ್ಟಬೇಕಿತ್ತು ನೀನು!"

ಮಾವ ದಾರ ಕಟ್ಟುತ್ತಿದ್ದವನು ನಿಲ್ಲಿಸಿದ. ನನ್ನನ್ನೇ ನೋಡಿದ. ನೋಯಿಸಿಬಿಟ್ಟೆ ಎಂದುಕೊಂಡೆ. ಅವನು ಒಳಗೆ ಹೋಗಿ ನಿಯಮದ ಪುಸ್ತಕ ತಂದು, ಕನ್ನಡಕ ಏರಿಸಿ, ಬೆರಳಿಟ್ಟು ಓದಿದ. ಉಗ್ರಾಣದ ಸಾಮಾನು ಎಂದರೆ ಜಂಟಿ ಸರ್ಕಾರದ ಖರ್ಚಿನಲ್ಲಿ ಪಡೆದ, ಇಟ್ಟುಕೊಂಡ ಹಾಗೂ ಬಳಸಲಾಗುತ್ತಿರುವ ಯಾವುದೇ ಬಾಬ್ತು.

"ಪಡೆದರು. ಇಟ್ಟುಕೊಂಡರು. ಬಳಸಿದರು," ಮಾವ ಮೂರು ಬೆರಳು ಮಡಿಸಿದ. "ಮೂರೂ ಸರಿಹೋಗುತ್ತೆ ಕಣೋ."

"ಏನು ಸರಿಹೋಗುತ್ತೆ?"

ಅವನು ಎರಡೂ ರಿಜಿಸ್ಟರು ತೆಗೆದ. ಕೊನೆಯ ನಂಬರು 4417, ಯಾವುದೋ ಪೊಲೀಸು ತುತ್ತೂರಿ. ಅದರ ಕೆಳಗೆ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಫ್ರೆಂಚಿನಲ್ಲಿ, ಎಂದಿನ ದುಂಡನೆಯ ಅಕ್ಷರದಲ್ಲಿ ಬರೆದ: 4418. ಉಗ್ರಾಣಿ, ಒಂದು. ಪಡೆದದ್ದು: 1946, ಮಾರ್ಚ್. ಸ್ಥಿತಿ: ಬಳಸಿ ಸವೆದಿದೆ.

ಹೆಸರು ಬರೆಯುವ ಕಾಲಮ್ಮೇ ಇರಲಿಲ್ಲ. ಸಾಮಾನಿಗೆ ಹೆಸರು ಯಾಕೆ? ಹಂದಿ ಕೊಂದರೂ ಬಿಟ್ಟರೂ ನಂಬರು ಬದಲಾಗುವುದಿಲ್ಲ.

ಆಮೇಲೆ ಗುಲಾಬಿ ಚೀಟಿ. ಅದರಲ್ಲಿ 'ಏನು ಕೆಟ್ಟಿದೆ' ಎನ್ನುವ ಕಡೆ ಬಂದು ನಿಂತ. ಅರ್ಧ ಗಂಟೆ ಕೂತ.

"ಮಂಡಿ ನೋವು ಅಂತ ಹಾಕು ಮಾವ. ಕಣ್ಣು ಮಂಜು ಅಂತ ಹಾಕು."

"ಸುಳ್ಳು ಬರೆಯೋಕಾಗಲ್ಲ. ಮಂಡಿ ಚೆನ್ನಾಗಿದೆ."

ಕೊನೆಗೆ ಬರೆದದ್ದನ್ನು ನಾನು ಅವನ ಭುಜದ ಮೇಲಿಂದ ಓದಿದೆ. 'ಜೂನ್‌ನಿಂದ ಸರಿಯಾಗಿ ನಡೆಯುತ್ತಿಲ್ಲ. ಎಣಿಕೆ ತಪ್ಪುತ್ತದೆ. ಎರಡು ಸಲ ಒಂದೇ ನಂಬರು ಬರೆದಿದೆ. ಕಾರಣ: ಹೆಂಡತಿ ಜೊತೆಯಲ್ಲಿಲ್ಲ. ರಿಪೇರಿಯ ಸ್ಥಳ: ನೂಮಿಯಾ.'

ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ.

"ಈಗ ಬಣ್ಣ ತಗೋ," ಅಂದ ಮಾವ, ಅಂಗಿಯ ತೋಳು ಮಡಿಸುತ್ತಾ. "ನನ್ನ ಮೇಲೆ ನಾನೇ ಬರೆದರೆ ಸೊಟ್ಟ ಆಗುತ್ತೆ."

ನಾನು ಕುಂಚ ಎಸೆದೆ. "ಆಗಲ್ಲ. ಮನುಷ್ಯನ ಮೇಲೆ ನಂಬರು ಬರೀತಾರಾ? ಮುತ್ತಜ್ಜನನ್ನ ಕಬ್ಬು ಕಡಿಯೋಕೆ ಕ್ವೀನ್ಸ್‌ಲ್ಯಾಂಡಿಗೆ ಹೊತ್ತುಕೊಂಡು ಹೋದಾಗ ಕೊರಳಿಗೆ ತಗಡು ಕಟ್ಟಿದ್ದರಂತೆ. ನೀನೇ ಹೇಳಿದ್ದು. ಈಗ ನೀನೇ ಕೈ ಚಾಚ್ತೀಯಲ್ಲ, ನಾಚಿಕೆ ಆಗಲ್ವಾ?"

"ಆಗುತ್ತೆ."

"ಮತ್ತೆ?"

"ಅವನಿಗೆ ಅವರು ಕಟ್ಟಿದರು. ಇದನ್ನ ನಾನು ಬರೆಸ್ತಾ ಇದೀನಿ. ಅವನನ್ನ ಹೆಂಡತಿಯಿಂದ ದೂರ ಒಯ್ಯೋಕೆ ಕಟ್ಟಿದರು, ನಾನು ಅವಳ ಹತ್ತಿರ ಹೋಗೋಕೆ ಬರೆಸ್ತೀನಿ. ಕುಂಚ ಎತ್ತಿಕೋ. ಹಡಗು ಇದೊಂದೇ ಉಳಿದಿರೋದು."

ಎತ್ತಿಕೊಂಡೆ. ಎಡತೋಳಿನ ಮೇಲೆ ಬರೆದೆ. ಸಿಟ್ಟಿನಲ್ಲಿ ಕುಂಚ ಒತ್ತಿ ಎಳೆದು ಎಂಟು ಸೊಟ್ಟ ಆಯಿತು.

ಹಡಗು ಹೊರಡುವ ದಿನ ಬೆಳಿಗ್ಗೆ ಹಲ್ಲಿನ ಕುರ್ಚಿಯನ್ನು ಬಂದರಿಗೆ ತಂದಿಟ್ಟೆ. ಮಾವ ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡು ಬಂದು ಅದರ ಮೇಲೆ ಕೂತ. ಸುಂಕದವನು ಕುರ್ಚಿಯ ಚೀಟಿಗೆ ಠಸ್ಸೆ ಒತ್ತಿದ. ಆಮೇಲೆ ಮಾವನ ಚೀಟಿ ಓದಿದ. ಮತ್ತೆ ಓದಿದ. ತೋಳು ನೋಡಿದ. ನಂಬರು ಸರಿಯಾಗಿತ್ತು. ಅವನು ಓಡಿದ.

ಹ್ಯಾಲೋಸ್ ದೊರೆ ದೋಣಿಯಲ್ಲಿ ಬಂದ, ಮುಸ್ಯೆ ಕಾರ್ಬೊನೆಲ್ ಕಾರಿನಲ್ಲಿ ಬಂದ. ಅಷ್ಟೊತ್ತಿಗೆ ಅರ್ಧ ವಿಲಾ ಬಂದರಿನಲ್ಲಿತ್ತು. ಲಿಯಾಂಗ್ ಅಂಗಡಿ ಮುಚ್ಚಿಕೊಂಡು ಬಂದಿದ್ದ.

"ಏನಯ್ಯ ಇದು ಹುಚ್ಚಾಟ?" ಅಂದ ಹ್ಯಾಲೋಸ್.

ಮಾವ ಸುಮ್ಮನೆ ಸಮುದ್ರ ನೋಡುತ್ತಿದ್ದ.

"ನಿನ್ನನ್ನೇ ಕೇಳ್ತಿರೋದು!"

"ಸಾಮಾನು ಮಾತಾಡಲ್ಲ ದೊರೆ," ಅಂದೆ ನಾನು. ಹಿಂದೆ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು.

"ಕಪ್ತಾನರೇ, ಇದನ್ನ ಹತ್ತಿಸಬೇಡಿ. ಇದು ಸಾಮಾನಲ್ಲ, ಮನುಷ್ಯ!" ಅಂತ ಕೂಗಿದ ಹ್ಯಾಲೋಸ್.

ಸೋಸೆಫೊ ಜೇಬಿನಿಂದ ಪೆನ್ಸಿಲ್ಲು ತೆಗೆದ. "ಹೌದಾ ದೊರೆ? ಹಂಗಾದ್ರೆ ಜನರ ಪಟ್ಟಿಗೆ ಬರ್ಕೊಳ್ಳೋಣ. ಯಾವ ಮನುಷ್ಯ? ಹೆಸರು ಹೇಳಿ."

"ತಾರಿ..." ಅಂತ ಬಾಯಿ ತೆರೆದ ಹ್ಯಾಲೋಸ್.

"ಮೋಲಿ..." ಅಂತ ಅದೇ ಹೊತ್ತಿಗೆ ಬಾಯಿ ತೆರೆದ ಕಾರ್ಬೊನೆಲ್.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬಾಯಿ ಮುಚ್ಚಿದರು. ಒಬ್ಬನ ಹೆಸರು ನಿಂತರೆ ಇನ್ನೊಬ್ಬನ ರಿಜಿಸ್ಟರು ಸುಳ್ಳಾಗುತ್ತದೆ. ಲಂಡನ್ನಿಗೆ ಗೊತ್ತಾದರೆ? ಪ್ಯಾರಿಸ್ಸಿಗೆ ಗೊತ್ತಾದರೆ? ಇಬ್ಬರ ಮುಖದ ಮೇಲೂ ಅದೇ ಬೆವರು. ಹತ್ತಡಿ ಆಚೆ ಹೋಗಿ ಗುಸುಗುಸು ಮಾತಾಡಿದರು. ನಾನು ಮೂಟೆ ಸರಿಸುವ ನೆಪದಲ್ಲಿ ಹತ್ತಿರ ಹೋದೆ.

"ಚೀಟಿ ನಿಯಮದ ಪ್ರಕಾರ ಇದೆ. ರದ್ದು ಮಾಡಬೇಕಾದರೆ ಜಂಟಿ ಸಭೆ ಆಗಬೇಕು," ಅನ್ನುತ್ತಿದ್ದ ಹ್ಯಾಲೋಸ್.

"ಜನವರಿಯಲ್ಲಿ."

"ಸಾಮಾನು ಅಂತ ಒಪ್ಪಿಕೊಂಡರೆ ಹೆಸರಿನ ತಂಟೆಯೇ ಇಲ್ಲ."

"ಒಪ್ಪೋಣ. ಆದರೆ ಸಾಮಾನು ಅಂದ ಮೇಲೆ ಅರ್ಧ ಫ್ರಾನ್ಸಿಂದು."

"ಅರ್ಧ ಇಂಗ್ಲೆಂಡಿನದು. ಒಡೆದು ಬಂದರೆ ನಷ್ಟ ಇಬ್ಬರಿಗೂ."

ವಾಪಸು ಬಂದರು. ಹುಷಾರಾಗಿ ಒಯ್ಯತಕ್ಕದ್ದು ಅಂತ ಚೀಟಿಯ ಮೇಲೆ ಬರೆದು ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ ಸಹಿ ಹಾಕಿದರು. ಬೇಡದ ಚೀಟಿಗೆ ಎರಡು ಸಹಿ! ಮನುಷ್ಯನಾಗಿ ಎರಡು ತಿಂಗಳು ಬೇಡಿದರೂ ಒಂದು ಹಾಳೆಯ ಮೇಲೆ ಸೇರದ ಆ ಎರಡು ಸಹಿ, ಕುರ್ಚಿಯ ತಮ್ಮನಾದ ಮೇಲೆ ಹತ್ತು ನಿಮಿಷದಲ್ಲಿ ಬಂದು ಬಿದ್ದವು. ಇಪ್ಪತ್ತೇಳು ವರ್ಷ ಅವನು ಯಾರೂ ಅಲ್ಲ. ಇವತ್ತು ಅರ್ಧ ಫ್ರೆಂಚ್, ಅರ್ಧ ಇಂಗ್ಲಿಷ್! ನನಗೆ ನಗು ಬರಲಿಲ್ಲ. ನಾನೂ ಇನ್ನೂ ಮೂವರೂ ಕುರ್ಚಿಯನ್ನು ಮಾವನ ಸಮೇತ ಎತ್ತಿ ಹಡಗಿಗೆ ಏರಿಸಿದೆವು. ಅವನು ಹೊಸ ಲಾಪ್‌ಲಾಪ್ ಗಂಟನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದಿದ್ದ. ದಡ ಬಿಡುವಾಗ ಕುರ್ಚಿ ಧಡ್ಡನೆ ಕೆಳಗಿಳಿಯಿತು. ಗಂಟು ಬಿಡಲಿಲ್ಲ.

ಮುಂದಿನದು ಮಾವ ಬಂದ ಮೇಲೆ ಹೇಳಿದ್ದು. ನೂಮಿಯಾದ ಸುಂಕದವನು ಚೀಟಿ ಓದಿ, ಎರಡು ಸಹಿ ನೋಡಿ ನೆಟ್ಟಗೆ ನಿಂತನಂತೆ. ಯಾವ ಕಾರ್ಖಾನೆಗೆ ಅಂತ ಕೇಳಿದನಂತೆ. ಮಾವ ಆಸ್ಪತ್ರೆಯ ಕಡೆ ಕೈ ತೋರಿಸಿದ. ತೊಂಬತ್ತು ದಿನದೊಳಗೆ ರಿಪೇರಿಯಾದ ಸಾಮಾನು ವಾಪಸಾಗಬೇಕು ಅಂತ ಸುಂಕದವನು ತೋಳಿನ ಮೇಲೇ ಠಸ್ಸೆ ಒತ್ತಿದನಂತೆ.

ಅತ್ತೆ ಮೂಳೆ ಚಕ್ಕಳವಾಗಿ ಮಲಗಿದ್ದಳಂತೆ. ಮಾವ ಪಕ್ಕದಲ್ಲಿ ಕೂತಾಗ ಮೊದಲು ನೋಡಿದ್ದು ತೋಳನ್ನು.

"ಇದೇನಿದು?"

"ನಂಬರು."

"ಎಂಟು ಸೊಟ್ಟ ಇದೆ. ಯಾರು ಬರೆದಿದ್ದು?"

"ಅಳಿಯ."

"ಅವನು ಯಾವ ಕೆಲಸ ನೆಟ್ಟಗೆ ಮಾಡಿದಾನೆ?" ಅಂದವಳೇ, ಲಾಪ್‌ಲಾಪ್ ಇದೆಯಾ ಅಂತ ಕೇಳಿದಳಂತೆ. ಅದು ದಾರಿಯಲ್ಲಿ ಹುಳಿ ಹತ್ತಿತ್ತು. ಒಂದು ಚೂರು ಬಾಯಿಗಿಟ್ಟುಕೊಂಡು, "ಕರೀರಿ ಆ ಡಾಕ್ಟರನ್ನ," ಅಂದಳಂತೆ. ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಗಡ್ಡೆ ತೆಗೆದರು. ಎಳನೀರಿನಷ್ಟು ದೊಡ್ಡದು.

ನವೆಂಬರಿನಲ್ಲಿ ಹೊರಡುವಾಗ ಹೊಸ ತೊಡಕು. ಮಾವನಿಗೆ ಚೀಟಿ ಇತ್ತು, ಅತ್ತೆಗೆ ಏನೂ ಇಲ್ಲ. ಮಲಗಿಕೊಂಡು ಬಂದಿದ್ದಳು, ಈಗ ಎದ್ದು ನಿಂತಿದ್ದಾಳೆ. ಎದ್ದು ನಿಂತವಳಿಗೆ ಕಾಗದ ಬೇಕು. ಬಂದದ್ದಕ್ಕೇ ದಾಖಲೆಯಿಲ್ಲದ ಮೇಲೆ ಹೋಗುವುದು ಹೇಗೆ? ಮಾವ ಗಾಬರಿಯಾಗಲಿಲ್ಲ. ಉಗ್ರಾಣದ ಕೆಲಸ ಗೊತ್ತಿದ್ದವನಿಗೆ ಗಾಬರಿ ಯಾಕೆ? ಚೀಟಿಯನ್ನು ಮಗುಚಿ ಹಿಂದೆ ಬರೆದ. 'ರಿಪೇರಿ ಆಗಿದೆ. ಹೊಸದಾಗಿ ಜೋಡಿಸಿದ ಭಾಗ: ಒಂದು. ಇದಿಲ್ಲದೆ ಸಾಮಾನು ನಡೆಯುವುದಿಲ್ಲ.' ಅದರ ಕೆಳಗೆ ಉಗ್ರಾಣಿಯ ಸಹಿ.

ಅವರು ಹಡಗಿನಿಂದ ಇಳಿದ ದಿನ ವಿಲಾದಲ್ಲಿ ಸೋಸೆಫೊ ಪಟ್ಟಿ ಓದಿದ: ಹಲ್ಲಿನ ಕುರ್ಚಿ, ಒಂದು. ಉಗ್ರಾಣಿ, ಭಾಗ ಸಮೇತ, ಒಂದು. ಅತ್ತೆ ದಡಕ್ಕೆ ಕಾಲಿಟ್ಟವಳೇ, "ಯಾರೋ ಭಾಗ? ಇಡೀ ಯಂತ್ರ ನಾನು. ಅವನು ಬಿಡಿಭಾಗ," ಅಂದಳು.

ವಾರದೊಳಗೆ ಉಗ್ರಾಣದ ಮುಂದೆ ಜನ ನಿಂತರು. ಜಂಟಿ ಸರ್ಕಾರದ ಪೊಲೀಸಿನವನು, ಅಂಚೆಯವನು, ದೀಪಸ್ತಂಭದ ಕಾವಲಿನವನು. ಎಲ್ಲರೂ ತೋಳು ಮಡಿಸಿಕೊಂಡೇ ಬಂದಿದ್ದರು. "ಅಣ್ಣಾ, ನಂಗೂ ಒಂದು ನಂಬರು ಹಾಕು, ಮಗ ಕಡಲಾಚೆ ಸುವಾದಲ್ಲಿ ಓದ್ತಿದಾನೆ, ನೋಡಿ ನಾಲ್ಕು ವರ್ಷ ಆಯ್ತು." "ತಂಗಿ ಮದುವೆ ನೂಮಿಯಾದಲ್ಲಿ, ಬಾಗ್ಲು ಕೀಲಿ ಅಂತ ಬರೆದ್ರೂ ಪರವಾಗಿಲ್ಲ." ಮಾವನ ಕೈಲಿ ಕುಂಚ ಇದ್ದ ಹಾಗೇ, ಹದ್ದಿನಂತೆ ಕಾದಿದ್ದ ಯಾರೋ ದೊರೆಗಳಿಗೆ ಸುದ್ದಿ ಮುಟ್ಟಿಸಿದರು.

ಜನವರಿಯ ಸಭೆಗೆ ಕಾಯಲೇ ಇಲ್ಲ. ರಜೆಯಲ್ಲಿದ್ದ ಕಾರ್ಬೊನೆಲ್‌ಗೆ ತಂತಿ ಹೋಯಿತು, ಮೂರೇ ದಿನದಲ್ಲಿ ಎರಡು ಸಹಿಯ ಸುತ್ತೋಲೆ ಗೋಡೆಗೆ ಬಿತ್ತು. ನೋಡಿ, ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತದೆ! 'ಜಂಟಿ ಸರ್ಕಾರದ ನೌಕರರು ವಸ್ತುಗಳಲ್ಲ' ಅಂತ ಎರಡೂ ಭಾಷೆಯಲ್ಲಿ ಇತ್ತು. ನಾನು ಕೆಳಗಿನವರೆಗೂ ಓದಿದೆ. ವಸ್ತುಗಳಲ್ಲ ಎಂದು ಬರೆದವರು, ಮತ್ತೇನು ಎಂದು ಬರೆದಿರಲಿಲ್ಲ. ಹ್ಯಾಲೋಸ್ ದೊರೆ ದೋಣಿ ಹತ್ತುವಾಗ ಅಡ್ಡ ನಿಂತು ಕೇಳಿದೆ.

"ದೊರೆ, ವಸ್ತುಗಳಲ್ಲ. ಸರಿ. ಹಾಗಾದ್ರೆ ಏನು ನಾವು?"

"ಆ ಪ್ರಶ್ನೆ ಜಂಟಿ ಸಭೆಯ ಮುಂದಿದೆ," ಅಂದ. ಕಾಲುಚೀಲ ಮೇಲೆಳೆದುಕೊಂಡು ದೋಣಿ ಹತ್ತಿದ.

ಮಾವನನ್ನು ರಿಜಿಸ್ಟರಿನಿಂದ ಹೊಡೆದು ಹಾಕಲು ಹೇಳಿದರು. ಅವನು ನಿಯಮದ ಪುಸ್ತಕ ತೆಗೆದು ತೋರಿಸಿದ. ಸಾಮಾನು ಕಳೆದುಹೋಗಿರಬೇಕು, ಇಲ್ಲವೇ ಎರಡೂ ಸರ್ಕಾರದವರ ಎದುರು ಸುಟ್ಟು ಹಾಕಿರಬೇಕು. ಆಗ ಮಾತ್ರ ಹೊಡೆಯಬಹುದು. ಸುಡುವ ದಿನವನ್ನು ಗೊತ್ತು ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗಾಗಿ ಇವತ್ತಿಗೂ ಇಡೀ ನ್ಯೂ ಹೆಬ್ರಿಡೀಸಿನಲ್ಲಿ ಎರಡು ದೇಶಕ್ಕೆ ಸೇರಿದ ಕರಿಯ ನನ್ನ ಮಾವ ಒಬ್ಬನೇ. ಮಿಕ್ಕ ನಾವೆಲ್ಲ ವಸ್ತುಗಳಲ್ಲ.

ಮೊನ್ನೆ ಫೆಬ್ರವರಿಯಲ್ಲಿ ಉಗ್ರಾಣದ ಸಾಮಾನಿನ ವರ್ಷದ ಎಣಿಕೆ ಆಯಿತು. ಹಿಂದಿನ ದಿನ ಮನೆಯ ಹಿಂದಿನ ಬ್ರೆಡ್‌ಫ್ರೂಟ್ ಮರದ ಕೆಳಗೆ ಮಾವ ತೋಳು ಮಡಿಸಿ ಕೂತಿದ್ದ. ಹಳೆಯ ನಂಬರು ಬೆವರಿಗೆ ಮಾಸಿತ್ತು. ನಾನು ಕುಂಚಕ್ಕೆ ಕೈ ಹಾಕಿದೆ. ಅತ್ತೆ ಕಿತ್ತುಕೊಂಡಳು.

"ನೀನು ಬಿಡು. ನಿನ್ನ ಸಿಟ್ಟೆಲ್ಲ ಅಕ್ಷರಕ್ಕೆ ಬರುತ್ತೆ," ಅಂದಳು. ಗೆಣಸು ತುರಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ನಾಲಿಗೆಯ ತುದಿ ಹಲ್ಲಿನಲ್ಲಿ ಕಚ್ಚಿ ಹಿಡಿದು, ಮೆಲ್ಲಗೆ ತಿದ್ದತೊಡಗಿದಳು. ಬಣ್ಣ ತಣ್ಣಗೆ ತಾಗಿದ್ದಕ್ಕೆ ಮಾವ ಜುಮ್ಮೆಂದು ಅಲುಗಿದ.

"ಅಲ್ಲಾಡಬೇಡ ಮಾರಾಯ," ಅಂದಳು ಅತ್ತೆ. "ಎಂಟು ಸೊಟ್ಟ ಆಗುತ್ತೆ."